ಅಳದವರಿಗೆ ದುಃಖವಿಲ್ಲವೇ?

ನಮ್ಮ ತರಗತಿಯ ಒಂದೇ ಬೆಂಚಿನಲ್ಲಿ ಮನೆಯಲ್ಲಿ ಉರ್ದು, ಕನ್ನಡ, ಬ್ಯಾರಿ, ಮಲಯಾಳಂ ಮಾತನಾಡುವವರು ಒಟ್ಟಿಗೆ ಕೂರುತ್ತೇವೆ. ಸಂತೋಷ, ಕೋಪ, ದುಃಖ ಎಲ್ಲರಿಗೂ ಇದೆ. ಆದರೆ ಅದನ್ನು ತೋರಿಸುವ ರೀತಿ ಎಲ್ಲ ಮನೆಗಳಲ್ಲೂ ಒಂದೇ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1969ರಲ್ಲಿ ಇದನ್ನು ‘ಡಿಸ್‌ಪ್ಲೇ ರೂಲ್ಸ್’ ಎಂದು ಕರೆದರು. ಯಾವ ಭಾವನೆಯನ್ನು, ಯಾರ ಮುಂದೆ, ಎಷ್ಟು ತೋರಿಸಬೇಕು ಎಂಬ ನಿಯಮ ಎಂದು ಇದರ ಅರ್ಥ. ಇದನ್ನು ಯಾರೂ ಬರೆದು ಕೊಡುವುದಿಲ್ಲ, ಚಿಕ್ಕಂದಿನಿಂದ ಮನೆಯವರನ್ನು ನೋಡಿ ಕಲಿಯುತ್ತೇವೆ. ಇವರು ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ನೋಡಲು ಕಷ್ಟವಾಗುವ ಚಿತ್ರಗಳನ್ನು ತೋರಿಸಿದರು. ಒಬ್ಬೊಬ್ಬರೇ ನೋಡುವಾಗ ಇಬ್ಬರ ಮುಖಭಾವವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಸಂಶೋಧಕರು ಎದುರಿಗಿದ್ದಾಗ ಮಾತ್ರ ಜಪಾನಿನವರು ತಮ್ಮ ಸಂಕಟವನ್ನು ನಗುವಿನಲ್ಲಿ ಮುಚ್ಚಿಟ್ಟರು ಎಂದು 1972ರಲ್ಲಿ ಎಕ್‌ಮನ್ ವರದಿ ಮಾಡಿದರು.

ಇಂಥ ನಿಯಮ ನಮ್ಮ ಊರಿನಲ್ಲೂ ಕಾಣುತ್ತದೆ. ಈದ್ ದಿನ ನಮ್ಮ ಅಮ್ಮಿ ಶೀರ್ ಖುರ್ಮಾ ಕಳಿಸಿದರೆ ಪಕ್ಕದ ಮನೆಯ ಅಜ್ಜಿ ‘ಧನ್ಯವಾದ’ ಎನ್ನುವುದಿಲ್ಲ. ಪಾತ್ರೆಯನ್ನು ಮಾತ್ರ ಖಾಲಿ ಕಳಿಸುವುದಿಲ್ಲ, ಅದರಲ್ಲಿ ಹಲಸಿನ ಹಪ್ಪಳ ಇರುತ್ತದೆ. ಅದೇ ಅವರ ಧನ್ಯವಾದ. ನಮ್ಮ ಅಬ್ಬಾ ಬೈಯುವಾಗ ನಾವು ತಲೆ ತಗ್ಗಿಸಿ ನಿಲ್ಲುತ್ತೇವೆ, ಅದು ಅದಬು. ಕೆಲಸದ ಸಂದರ್ಶನದಲ್ಲಿ ಹಾಗೆ ಕೂತರೆ ಧೈರ್ಯವಿಲ್ಲ ಎಂದುಕೊಳ್ಳುತ್ತಾರೆ.

ಸಾವಿನ ಮನೆಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಹೆಂಗಸರು ತೀರಿಹೋದವರ ಗುಣಗಳನ್ನು ಹೇಳಿಕೊಂಡು, ಹಾಡಿಕೊಂಡು ಅಳುತ್ತಾರೆ. ಅಲ್ಲಿ ಗಟ್ಟಿಯಾಗಿ ಅಳುವುದು ಸತ್ತವರಿಗೆ ಕೊಡುವ ಮರ್ಯಾದೆ. ನಮ್ಮಲ್ಲಿ ಹಿರಿಯರು ಸಬ್ರ್ ಮಾಡಿ, ಅಂದರೆ ತಾಳ್ಮೆ ತಂದುಕೊಳ್ಳಿ ಎನ್ನುತ್ತಾರೆ. ಕಣ್ಣೀರಿಗೆ ಇಸ್ಲಾಂನಲ್ಲಿ ತಡೆಯಿಲ್ಲ. ಪ್ರವಾದಿಯವರು ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅತ್ತಿದ್ದರು. ಚೀರಾಡುವುದು, ಮುಖಕ್ಕೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು ಮಾತ್ರ ಬೇಡ ಎಂದಿದೆ. ಶೋಕಕ್ಕೆ 3 ದಿನ, ಗಂಡನನ್ನು ಕಳೆದುಕೊಂಡವರಿಗೆ 4 ತಿಂಗಳು 10 ದಿನ ಇದ್ದತ್.

ಕಳೆದ ವರ್ಷ ನನ್ನ ಸಹಪಾಠಿಯೊಬ್ಬಳ ತಂದೆ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವಳು ತರಗತಿಗೆ ಬಂದು ಸುಮ್ಮನೆ ಕೂತಳು. “ಅವಳಿಗೆ ಅಳುವೇ ಬರಲಿಲ್ಲವಲ್ಲ” ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಪಕ್ಕದಲ್ಲಿದ್ದ ನನಗೆ ಅವಳ ಅಕೌಂಟೆನ್ಸಿ ಪುಸ್ತಕ ಕಾಣುತ್ತಿತ್ತು. ಲೆಕ್ಕದಲ್ಲಿ ಯಾವಾಗಲೂ ಮುಂದಿದ್ದವಳು ಒಂದೇ ಮೊತ್ತವನ್ನು ಮೂರು ಸಲ ಕೂಡಿದರೂ ತಾಳೆಯಾಗಿರಲಿಲ್ಲ. ಪಿಸುಗುಟ್ಟಿದವರು ಕೆಟ್ಟವರಲ್ಲ. ಅವರ ಮನೆಯಲ್ಲಿ ದುಃಖ ಎಂದರೆ ಅಳು, ಅವಳ ಮನೆಯಲ್ಲಿ ದುಃಖ ಎಂದರೆ ಮೌನ. ಗಟ್ಟಿಯಾಗಿ ಅಳುವವರನ್ನು ಕಂಡು ‘ನಾಟಕ’ ಎನ್ನುವವರು ನಮ್ಮಲ್ಲೂ ಇದ್ದಾರೆ. ಅದೂ ಇಷ್ಟೇ ತಪ್ಪು.

ಹಾಗಾಗಿ ಸ್ನೇಹಿತರೇ, ದುಃಖದ ಮನೆಗೆ ಹೋದಾಗ ಅಲ್ಲಿಯ ಹಿರಿಯರು ಹೇಗಿದ್ದಾರೆ ಎಂದು ಮೊದಲು ನೋಡೋಣ. ತಿಳಿಯದಿದ್ದರೆ ಆ ಮನೆಯ ಗೆಳೆಯರನ್ನೇ ಕೇಳೋಣ. ವಾಪಸ್ ತರಗತಿಗೆ ಬಂದವರ ಮುಖ ನೋಡಿ ತೀರ್ಮಾನ ಮಾಡುವ ಬದಲು ತಪ್ಪಿಹೋದ ಪಾಠದ ನೋಟ್ಸ್ ಕೊಡೋಣ, ಮಧ್ಯಾಹ್ನ ಜೊತೆಗೆ ಕೂತು ಊಟ ಮಾಡೋಣ. ಅವರಿಗೆ ಮಾತನಾಡಬೇಕು ಅನಿಸಿದಾಗ ನಾವು ಹತ್ತಿರದಲ್ಲೇ ಇರುತ್ತೇವೆ.