ಕೊನೆಯವರೂ ಊರು ಮುಟ್ಟಬೇಕು: ಪಾದಯಾತ್ರೆಯ ಸೇವಕರಿಗೆ 12 ಸೂತ್ರಗಳು

ಯುಗಾದಿ ಹತ್ತಿರ ಬಂತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳ್ಳಿಗಳಿಂದ ಕಂಬಿ ಹೊತ್ತ ಮಲ್ಲಯ್ಯನ ಭಕ್ತರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಆಷಾಢ ಮತ್ತು ಕಾರ್ತಿಕ ಏಕಾದಶಿಗೆ ಕಾಗವಾಡ, ನಿಪ್ಪಾಣಿ ಸೀಮೆಯ ಸಂತರು ತಾಳ ಹಿಡಿದು ಪಂಢರಪುರಕ್ಕೆ ಹೊರಡುತ್ತಾರೆ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಯ ದಾರಿಗಳೆಲ್ಲ ಚಕ್ಕಡಿಗಳಿಂದ, ನಡೆಯುವವರಿಂದ ತುಂಬುತ್ತವೆ. ಅಥಣಿಯಿಂದ ಪಂಢರಪುರ ನಾಲ್ಕೈದು ದಿನದ ನಡಿಗೆ. ಶ್ರೀಶೈಲವಾದರೆ 400 ಕಿ.ಮೀ. ಮೀರಿದ ದಾರಿ. ಬಾಗಲಕೋಟೆ, ರಾಯಚೂರು ಸೀಮೆ ದಾಟಿ, ಕರ್ನೂಲು ಜಿಲ್ಲೆ ಹೊಕ್ಕು, ಕಡೆಗೆ ನಲ್ಲಮಲ ಕಾಡು ಏರಬೇಕು.

ಇಷ್ಟು ದೂರ ನಡೆಯಲು ಭಕ್ತಿ ಬೇಕು, ಗಟ್ಟಿ ಕಾಲು ಬೇಕು. ಆದರೆ ನೂರು ಜನ ಒಟ್ಟಾಗಿ ಹೊರಟಾಗ ನೂರೂ ಜನ ಕ್ಷೇಮವಾಗಿ ಮುಟ್ಟುವುದು ಸೇವಕರ ಕೈಯಲ್ಲಿದೆ. ನೀರು ತುಂಬುವವರು, ಒಲೆ ಹಚ್ಚುವವರು, ಹಿಂದೆ ಉಳಿದವರ ಜತೆ ನಿಲ್ಲುವವರು ತಮ್ಮ ಕೆಲಸವನ್ನು ಮೊದಲೇ ಹಂಚಿಕೊಂಡಿದ್ದರೆ ಯಾತ್ರೆ ಸುಸೂತ್ರ. ಹೇಗೆ ಹಂಚಿಕೊಳ್ಳಬೇಕು? ಇಲ್ಲಿವೆ 12 ಸೂತ್ರಗಳು.

1. ಮುಟ್ಟುವ ದಿನದಿಂದ ಹಿಂದಕ್ಕೆ ಎಣಿಸಿ

ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಲ್ಲೇ ಇದಕ್ಕೆ ಒಳ್ಳೆಯ ಪಾಠವಿದೆ. ಅಲ್ಲಿನ ಶಿತೋಳೆ ಸರದಾರರ ವಾಡೆಯಿಂದ ಪ್ರತಿವರ್ಷ ಎರಡು ಕುದುರೆಗಳು ಸುಮಾರು 300 ಕಿ.ಮೀ. ನಡೆದು ಪುಣೆ ಹತ್ತಿರದ ಆಳಂದಿ ಸೇರುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದು ಸಂತ ಜ್ಞಾನೇಶ್ವರರದೆಂದು ಬಿಟ್ಟದ್ದು, ಅದರ ಬೆನ್ನ ಮೇಲೆ ಯಾರೂ ಕೂಡುವುದಿಲ್ಲ. ಜ್ಞಾನೇಶ್ವರರ ಪಲ್ಲಕ್ಕಿ ಅಲ್ಲಿಂದ ಪಂಢರಪುರಕ್ಕೆ ಗೊತ್ತಾದ ತಿಥಿಗೇ ಹೊರಡಬೇಕು. ಕುದುರೆಗಳು ಅದಕ್ಕೆ ಮೊದಲೇ ಅಲ್ಲಿರಬೇಕು. ಆದ್ದರಿಂದ ಅಂಕಲಿಯಿಂದ ಹೊರಡುವ ದಿನ ಆಳಂದಿಯ ತಿಥಿಯಿಂದ ನಿಶ್ಚಯವಾಗುತ್ತದೆ.

ನಿಮ್ಮ ಯಾತ್ರೆಗೂ ಇದೇ ಲೆಕ್ಕ ಹಿಡಿಯಿರಿ. ಮುಟ್ಟುವ ದಿನ ಬರೆದುಕೊಳ್ಳಿ. ದಿನಕ್ಕೆ 25ರಿಂದ 30 ಕಿ.ಮೀ. ಎಂದು ಹಿಡಿದು ಹಿಂದಕ್ಕೆ ಮುಕ್ಕಾಮುಗಳನ್ನು ಗುರುತಿಸಿ. ನಡುವೆ ಒಂದು ದಿನ ಖಾಲಿ ಬಿಡಿ. ಜ್ವರ, ಮಳೆ, ಕೆಟ್ಟ ಗಾಡಿ ಎಲ್ಲವೂ ಆ ಒಂದು ದಿನದಲ್ಲಿ ಹಿಡಿಸಬೇಕು.

2. ಒಬ್ಬರಿಗೆ ಒಂದೇ ಕೆಲಸ ಕೊಡಿ

"ಎಲ್ಲಾರೂ ಕೂಡಿ ಮಾಡೋಣು" ಎಂಬ ಮಾತು ಸಭೆಯಲ್ಲಿ ಚೆಂದ, ದಾರಿಯಲ್ಲಿ ಅಪಾಯ. ಎಲ್ಲರ ಕೆಲಸವಾದದ್ದು ಕಡೆಗೆ ಯಾರ ಕೆಲಸವೂ ಆಗುವುದಿಲ್ಲ. ಆಳಂದಿಯ ಈ ಪಲ್ಲಕ್ಕಿ ಯಾತ್ರೆಗೆ, ಅಂದರೆ ವಾರಿಗೆ, 19ನೇ ಶತಮಾನದ ಮೊದಲ ಭಾಗದಲ್ಲಿ ಹೈಬತ್‌ಬಾಬಾ ಆರಫಳಕರ ಅವರು ಹಾಕಿಕೊಟ್ಟ ಶಿಸ್ತನ್ನು ನೋಡಿ. ಒಟ್ಟಿಗೆ ನಡೆಯುವ ಪ್ರತಿ ತಂಡಕ್ಕೂ, ಅಂದರೆ ದಿಂಡಿಗೂ ನಂಬರು, ಪಲ್ಲಕ್ಕಿಯ ರಥದ ಮುಂದೋ ಹಿಂದೋ ಅದರ ಜಾಗ. ದಿಂಡಿಯೊಳಗೆ ಪತಾಕೆಯವರು, ತಾಳದವರು, ಮೃದಂಗದವರು, ವೀಣೆಯವರು, ತುಳಸಿ ಹೊತ್ತ ತಾಯಂದಿರು. ಯಾರು ಎಲ್ಲಿ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

ನೂರು ಜನ ನಡೆಯುವ ತಂಡಕ್ಕೆ 20 ಸೇವಕರು ಸಾಕು: ಅಡುಗೆಗೆ 6, ನೀರಿಗೆ 3, ಮುಂದಿನ ಊರಿಗೆ ಹೋಗುವವರು 2, ಧ್ವಜ ಹಿಡಿದು ಮುಂದೆ ನಡೆಯುವವರು 2, ಕಡೆಯಲ್ಲಿ ನಡೆಯುವವರು 2, ಔಷಧ ಮತ್ತು ಪಾದದ ಆರೈಕೆಗೆ 2, ಸಾಮಾನಿನ ಗಾಡಿಗೆ 2, ರೊಕ್ಕದ ಲೆಕ್ಕಕ್ಕೆ 1. ಹೆಸರು ಬರೆದು ಗುಡಿಯ ಕಟ್ಟೆಗೆ ಹಚ್ಚಿ. ಪ್ರತಿಯೊಬ್ಬರಿಗೂ ಒಬ್ಬ ಬದಲಿಯವರಿರಲಿ.

3. ಒಂದು ದಿನ ಮುಂದೆ ಇಬ್ಬರನ್ನು ಕಳಿಸಿ

ಮುಕ್ಕಾಮಿನ ಊರಿಗೆ ತಂಡ ಮುಟ್ಟಿದ ಮೇಲೆ ಸಾಲಿಯ ಕೀಲಿ ಹುಡುಕುತ್ತ ತಿರುಗಬಾರದು. ಮುಂದೆ ಹೋದವರು ನಾಲ್ಕು ಸಂಗತಿ ವಿಚಾರಿಸಬೇಕು. ಮಲಗಲು ಮಠವೋ, ಸಾಲಿಯೋ, ಕಲ್ಯಾಣ ಮಂಟಪವೋ, ಅದರ ಕೀಲಿ ಯಾರ ಹತ್ತಿರ? ಬೋರಿನ ನೀರಿದ್ದರೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ? ಹೆಣ್ಣುಮಕ್ಕಳಿಗೆ ಸ್ನಾನಕ್ಕೆ, ಶೌಚಕ್ಕೆ ಮರೆಯ ಜಾಗ ಎಲ್ಲಿದೆ? ಹತ್ತಿರದ ಸರಕಾರಿ ದವಾಖಾನೆ ಎಷ್ಟು ದೂರ? ಮೂರನೆಯ ಪ್ರಶ್ನೆಯನ್ನು ಗಂಡಸರು ಮರೆಯುವುದುಂಟು. ಮುಂದೆ ಹೋಗುವ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿದ್ದರೆ ಮರೆಯುವುದಿಲ್ಲ.

4. ಹೆಸರಿನ ವಹಿ ಇಡಿ, ದಿನಕ್ಕೆ ಎರಡು ಸಲ ಎಣಿಸಿ

ಹೆಸರು, ಊರು, ವಯಸ್ಸು, ಮನೆಯವರ ಫೋನ್ ನಂಬರು, ಬಿಪಿ ಅಥವಾ ಶುಗರ್ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂಬುದು ವಹಿಯಲ್ಲಿರಲಿ. ಹೊರಡುವಾಗ ಒಮ್ಮೆ, ಮುಕ್ಕಾಮಿನಲ್ಲಿ ಒಮ್ಮೆ ತಲೆ ಎಣಿಸಬೇಕು. ನಡುವೆ ಯಾರಾದರೂ ಬಸ್ಸು ಹಿಡಿದು ಊರಿಗೆ ಮರಳಿದರೆ ವಹಿಯವರಿಗೆ ಹೇಳಿಯೇ ಹೋಗಬೇಕು. ಇಲ್ಲವಾದರೆ ಇಡೀ ತಂಡ ರಾತ್ರಿಯೆಲ್ಲ ಅವರನ್ನು ಹುಡುಕುತ್ತದೆ. ಪ್ರತಿಯೊಬ್ಬರ ಕಿಸೆಯಲ್ಲಿ ಅಥವಾ ಉಡಿಯಲ್ಲಿ ಹೆಸರು, ನಂಬರಿನ ಚೀಟಿ ಇರಲಿ. ಕಾಡಿನಲ್ಲಿ ಫೋನ್ ಸತ್ತರೂ ಚೀಟಿ ಮಾತನಾಡುತ್ತದೆ.

5. ಬಿಸಿಲಿಗಿಂತ ಮೊದಲು ನಡೆಸಿ

ಯುಗಾದಿ ಬರುವುದು ಮಾರ್ಚ್, ಏಪ್ರಿಲ್‌ನಲ್ಲಿ. ರಾಯಚೂರು ಸೀಮೆಯ ಬಿಸಿಲು ಆಗ ಕಾದಿರುತ್ತದೆ. ನಸುಕಿನ ನಾಲ್ಕಕ್ಕೆ ಹೊರಟು ಹತ್ತರ ಒಳಗೆ ನೆರಳು ಸೇರಿ, ಸಂಜೆ ನಾಲ್ಕರ ಮೇಲೆ ಮತ್ತೆ ನಡೆಯುವುದು ಲೇಸು. ಧ್ವಜ ಹಿಡಿದವರ ಕೆಲಸ ವೇಗವಾಗಿ ಹೋಗುವುದಲ್ಲ, ವೇಗವನ್ನು ಹಿಡಿದಿಡುವುದು. ಮುಂದೆ ಓಡುವ ಹುಡುಗರಿಗೆ ಧ್ವಜ ದಾಟುವ ಹಾಗಿಲ್ಲ ಎಂದು ಮೊದಲ ದಿನವೇ ಪ್ರೀತಿಯಿಂದ, ಗಟ್ಟಿಯಾಗಿ ಹೇಳಿ. ಪ್ರತಿ ಗಂಟೆಗೆ ಹತ್ತು ನಿಮಿಷ ನಿಂತು ಹಿಂದಿನವರನ್ನು ಕೂಡಿಸಿಕೊಳ್ಳಿ.

6. ನಿಮ್ಮಲ್ಲಿನ ಉತ್ತಮರನ್ನು ಕಡೆಗೆ ನಿಲ್ಲಿಸಿ

ಎಲ್ಲ ಸೂತ್ರಗಳ ಪೈಕಿ ಇದೊಂದನ್ನು ಮಾತ್ರ ಬಿಡಬೇಡಿ. ಧ್ವಜ ಹಿಡಿಯಲು ಎಲ್ಲರೂ ಮುಂದೆ ಬರುತ್ತಾರೆ, ಫೋಟೋ ಅಲ್ಲೇ ಬೀಳುತ್ತದೆ. ಯಾತ್ರೆಯ ನಿಜವಾದ ಕಷ್ಟ ಸಾಲಿನ ಕಡೆಯಲ್ಲಿದೆ. ಮೊಣಕಾಲು ಹಿಡಿದ ಮುದುಕಪ್ಪ, ಗುಳ್ಳೆ ಎದ್ದ ಸೊಸೆ, ಮನೆಯ ಚಿಂತೆಯಿಂದ ಮಾತು ಬಿಟ್ಟ ತಾಯಿ ಎಲ್ಲರೂ ಅಲ್ಲಿರುತ್ತಾರೆ.

ತಾಳ್ಮೆ ಇರುವ, ಅನುಭವವಿರುವ ಇಬ್ಬರು ಅಲ್ಲಿ ನಡೆಯಲಿ. ಅವರ ಹಿಂದೆ ಯಾತ್ರಿಕರು ಯಾರೂ ಉಳಿಯಬಾರದು, ಇದೇ ಅವರ ವ್ರತ. ಅವರ ಕೈಯಲ್ಲಿ ನೀರು, ಬೆಲ್ಲ, ಟಾರ್ಚು, ಸೀಟಿ, ಗಾಡಿಯವರ ನಂಬರು ಇರಲಿ. "ಲಗೂ ಬರ್ರಿ" ಎಂದು ಅವಸರ ಮಾಡುವವರು ಈ ಕೆಲಸಕ್ಕೆ ಬೇಡ. "ಸಾವಕಾಶ ಬರ್ರಿ ಅಕ್ಕಾರ, ನಾವು ಅದೀವಿ" ಎನ್ನುವವರು ಬೇಕು. ಸಾಕಾಯಿತು ಎಂದವರನ್ನು ಗಾಡಿ ಹತ್ತಿಸುವ ಅಧಿಕಾರವೂ ಇವರದೇ. ಹರಕೆಯ ಹೆಸರಿನಲ್ಲಿ ಜೀವಕ್ಕೆ ಕುತ್ತು ತಂದುಕೊಳ್ಳುವುದನ್ನು ತಡೆಯುವುದೂ ದೇವರ ಸೇವೆಯೇ.

7. ನೀರಿನ ಜತೆ ಉಪ್ಪು, ಸಕ್ಕರೆ ಕೊಡಿ

ಬೆವರಿನಲ್ಲಿ ನೀರು ಹೋದಂತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಕುಡಿಸುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಬರಬಹುದು. ಮಜ್ಜಿಗೆ, ರಾಗಿ ಅಥವಾ ಜೋಳದ ಅಂಬಲಿ, ನಿಂಬೆಹಣ್ಣಿನ ಪಾನಕ ನಮ್ಮ ದಾರಿಯ ಹಳೆಯ ಮದ್ದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ. ಅಳತೆ ತಪ್ಪಬಾರದು, ಮಾಡಿದ್ದನ್ನು ಅಂದೇ ಮುಗಿಸಬೇಕು.

ಬಿಸಿಲಿನಲ್ಲಿ ಒಬ್ಬರು ತಡವರಿಸಿ ಮಾತನಾಡತೊಡಗಿದರೆ, ಮೈ ಕಾದ ಹಂಚಿನಂತಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಮೊದಲು ಮೈ ತಂಪು ಮಾಡಿ: ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ನೀರು ಸುರಿದು, ಗಾಳಿ ಬೀಸಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

8. ಪಾದವನ್ನು ದಿನವೂ ನೋಡಿ

ದಾರಿಯ ಊರುಗಳಲ್ಲಿ ಯಾತ್ರಿಕರ ಕಾಲು ತೊಳೆದು, ಎಣ್ಣೆ ತಿಕ್ಕುವ ಜನರಿದ್ದಾರೆ. ಅದಕ್ಕಿಂತ ದೊಡ್ಡ ದಾನ ಇನ್ನೊಂದಿಲ್ಲ. ಆ ಸೇವೆಗೆ ಸ್ವಲ್ಪ ತಿಳಿವಳಿಕೆ ಕೂಡಿಸಿ. ಪಾದದಲ್ಲಿ ಉರಿ ಶುರುವಾದ ಕೂಡಲೇ ಅಲ್ಲಿ ಟೇಪು ಹಚ್ಚಿದರೆ ಗುಳ್ಳೆ ಏಳುವುದನ್ನು ತಪ್ಪಿಸಬಹುದು. ಎದ್ದ ಗುಳ್ಳೆಯ ಚರ್ಮ ಕೀಳಬಾರದು, ಅದೇ ಒಳಗಿನ ಗಾಯಕ್ಕೆ ಹೊದಿಕೆ. ತೊಳೆದು, ಒಣಗಿಸಿ, ಮೆತ್ತನೆಯ ಪಟ್ಟಿ ಕಟ್ಟಿ. ಕೀವು, ಕೆಂಪು ಗೆರೆ, ಜ್ವರ ಕಂಡರೆ ಡಾಕ್ಟರ ಹತ್ತಿರ ಕಳಿಸಿ.

ಶುಗರ್ ಇರುವವರಿಗೆ ಪಾದದ ನೋವು ಗೊತ್ತಾಗದೇ ಹೋಗಬಹುದು. ಅವರು ಬರಿಗಾಲಲ್ಲಿ ನಡೆಯಬಾರದು. ಪ್ರತಿ ಸಂಜೆ ಅವರ ಅಂಗಾಲನ್ನು ಸೇವಕರೇ ನೋಡಬೇಕು. ಮರಗಾಲು ಕಟ್ಟಿ ಶ್ರೀಶೈಲಕ್ಕೆ ನಡೆಯುವ ಹರಕೆಯವರಿದ್ದರೆ ಪಕ್ಕದಲ್ಲಿ ಸದಾ ಒಬ್ಬರಿರಲಿ, ಕಾಲಿಗೆ ಹಗ್ಗ ಉಜ್ಜಿದ ಜಾಗವನ್ನು ನೋಡಿಕೊಳ್ಳಲಿ.

9. ಒಲೆಯನ್ನು ದಾಸೋಹದವರ ಜತೆ ಹೊಂದಿಸಿ

ಊರೂರಲ್ಲಿ ದಾಸೋಹ ನಡೆಸುವ ಪುಣ್ಯವಂತರು ಇರುವುದರಿಂದ ಪ್ರತಿ ಹೊತ್ತಿಗೂ ಅಡುಗೆ ಬೇಕಿಲ್ಲ. ಆದರೆ ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಂದು ತಿಳಿಸಿ. ಅವರ ಅನ್ನ ಕೆಡಬಾರದು, ನಿಮ್ಮವರು ಉಪವಾಸ ಬೀಳಬಾರದು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಒಯ್ಯಿರಿ. ಇವು ವಾರಗಟ್ಟಲೆ ಬಾಳುತ್ತವೆ, ಮೈಗೆ ಬಲ ಕೊಡುತ್ತವೆ. ಬೆಳಗಿನ ಅನ್ನವನ್ನು ಬಿಸಿಲಲ್ಲಿ ಹೊತ್ತು ಸಂಜೆಗೆ ಬಡಿಸಬೇಡಿ. ಬಡಿಸುವವರು ಸಾಬೂನು ಹಚ್ಚಿ ಕೈ ತೊಳೆದರೆ ವಾಂತಿ ಭೇದಿಯ ಅರ್ಧ ಭಯ ಅಲ್ಲೇ ಹೋಗುತ್ತದೆ.

10. ಕಬ್ಬಿನ ಟ್ರ್ಯಾಕ್ಟರಿಗೆ ನೀವು ಕಾಣುವಂತೆ ನಡೆಸಿ

ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡ, ನಿಪ್ಪಾಣಿ ಹೀಗೆ ನಮ್ಮ ಐದೂ ತಾಲ್ಲೂಕುಗಳು ಸಕ್ಕರೆ ಕಾರ್ಖಾನೆಗಳ ಸೀಮೆ. ಕಾರ್ತಿಕದಿಂದ ಮುಂದೆ ಕಬ್ಬು ನುರಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡುತ್ತವೆ. ಹೇರಿದ ಕಬ್ಬು ಪಕ್ಕಕ್ಕೆ ಚಾಚಿರುತ್ತದೆ, ಹಿಂದಿನ ದೀಪ ಎಷ್ಟೋ ಸಲ ಇರುವುದಿಲ್ಲ. ನಸುಕಿನಲ್ಲಿ ಹೊರಡುವ ತಂಡಕ್ಕೆ ಇದೇ ದೊಡ್ಡ ಗಂಡಾಂತರ.

ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಗೆ, ಎದುರು ಬರುವ ವಾಹನ ಕಣ್ಣಿಗೆ ಕಾಣುವಂತೆ, ಇಬ್ಬಿಬ್ಬರ ಸಾಲಾಗಿ ನಡೆಯಿರಿ. ಮುಂದಿನವರ, ಕಡೆಯವರ ಬೆನ್ನಿಗೂ ಎದೆಗೂ ಹೊಳೆಯುವ ಪಟ್ಟಿ ಇರಲಿ. ಹೆದ್ದಾರಿ ದಾಟುವಾಗ ಸೇವಕರು ಎರಡೂ ಕಡೆ ನಿಂತು ಗುಂಪುಗುಂಪಾಗಿ ದಾಟಿಸಬೇಕು. ಹೊರಡುವ ಮೊದಲು ಪೊಲೀಸ್ ಠಾಣೆಗೆ ದಾರಿಯ ವಿವರ ಕೊಟ್ಟಿರಿ. ದಣಿವಾಯಿತೆಂದು ರಸ್ತೆಯಂಚಿನಲ್ಲಿ ಮಲಗುವುದನ್ನು ಯಾರಿಗೂ ಬಿಡಬೇಡಿ.

11. ಪ್ರತಿ ಸಂಜೆ ದೂರು ಕೇಳಿ

ಆಳಂದಿ ಪಲ್ಲಕ್ಕಿಯ ಮುಕ್ಕಾಮಿನಲ್ಲಿ ಸಂಜೆ ಎಲ್ಲರೂ ಸೇರುವ ಆರತಿಯಲ್ಲಿ ಒಂದು ಮಾದರಿ ಪದ್ಧತಿ ಇದೆ. ಯಾತ್ರೆಯ ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿಯ ದಂಡ ಎತ್ತಿದೊಡನೆ ಸಾವಿರಾರು ತಾಳಗಳು ನಿಲ್ಲುತ್ತವೆ. ದೂರು ಇರುವ ದಿಂಡಿ ಮಾತ್ರ ತಾಳ ಬಾರಿಸುತ್ತಲೇ ಇರುತ್ತದೆ. ಚೋಪದಾರರು ಅಲ್ಲಿಗೆ ಹೋಗಿ ವಿಚಾರಿಸುತ್ತಾರೆ. ಕಳೆದ, ಸಿಕ್ಕ ವಸ್ತುಗಳ ಸುದ್ದಿಯೂ ಅಲ್ಲೇ ಆಗುತ್ತದೆ. ಇಷ್ಟು ದೊಡ್ಡ ಸಮೂಹ ಜಗಳವಿಲ್ಲದೆ ನಡೆಯುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ತಂಡದಲ್ಲಿಯೂ ಊಟಕ್ಕೆ ಮೊದಲು ಕಾಲು ತಾಸು ಕೂಡಿ. ಎಲ್ಲರೂ ಗೌರವಿಸುವ ಹಿರಿಯರೊಬ್ಬರು ಕೇಳಲಿ: ಇಂದು ಏನು ಕಡಿಮೆ ಬಿತ್ತು, ಯಾರ ಮೈಗೆ ಆರಾಮಿಲ್ಲ, ಏನು ಕಳೆಯಿತು? ರೊಕ್ಕದವರು ಅಂದಿನ ಜಮೆ, ಖರ್ಚು ಎಲ್ಲರೆದುರು ಓದಲಿ. ಲೆಕ್ಕ ಬಯಲಲ್ಲಿದ್ದರೆ ಮುಂದಿನ ವರ್ಷವೂ ಜನ ಕೈತುಂಬ ಕೊಡುತ್ತಾರೆ.

12. ಕಾಡಿನ ದಾರಿಗೆ ಬೇರೆ ಸಿದ್ಧತೆ ಮಾಡಿ

ಶ್ರೀಶೈಲಕ್ಕೆ ಹೋಗುವಾಗ ಆತ್ಮಕೂರು ದಾಟಿ ವೆಂಕಟಾಪುರದಿಂದ ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರದವರೆಗಿನ ದಾರಿ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಕಲ್ಲಿನ ಏರು, ಕಡಿದಾದ ಇಳಿಜಾರು, ನೀರು ಕಡಿಮೆ. ಸಾಮಾನಿನ ಗಾಡಿ ರಸ್ತೆ ಸುತ್ತಿ ಹೋಗಬೇಕು, ಕಾಲುದಾರಿಗೆ ಬರುವುದಿಲ್ಲ. ಆದ್ದರಿಂದ ನೀರು, ಔಷಧ, ಬುತ್ತಿ ಎಲ್ಲವೂ ಹೆಗಲ ಮೇಲೆ. ಮೊಣಕಾಲು ನೋವಿನವರನ್ನು, ಹೃದಯದ ತೊಂದರೆ ಇರುವವರನ್ನು ಗಾಡಿಯಲ್ಲೇ ಕಳಿಸಿ. ಅರಣ್ಯ ಇಲಾಖೆ ಹೇಳಿದ ಸಮಯ, ಹೇಳಿದ ದಾರಿ ಮೀರಬೇಡಿ. ಒಂಟಿಯಾಗಿ ಯಾರನ್ನೂ ಬಿಡಬೇಡಿ. ಬೆಂಕಿ ಹಚ್ಚಬೇಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಹೊರಗೆ ತರಲು ಇಬ್ಬರಿಗೆ ಚೀಲ ಕೊಟ್ಟು ಜವಾಬ್ದಾರಿ ಹೊರಿಸಿ. ಮಲ್ಲಯ್ಯನ ಮನೆಯಂಗಳವನ್ನು ಹೊಲಸು ಮಾಡಿ ಅವನ ದರ್ಶನಕ್ಕೆ ನಿಲ್ಲುವುದು ಸಲ್ಲದು.

ಇಷ್ಟು ಮಾಡುವ ಸೇವಕರೂ ಮನುಷ್ಯರೇ. ಅಡುಗೆಯವರಿಗೆ, ಗಾಡಿ ನಡೆಸುವವರಿಗೆ ರಾತ್ರಿ ಆರು ತಾಸು ನಿದ್ದೆ ಸಿಗುವಂತೆ ಪಾಳಿ ಹಾಕಿ. ನಿದ್ದೆಗೆಟ್ಟ ಡ್ರೈವರ್ ಇಡೀ ಯಾತ್ರೆಯ ಅಪಾಯ. ಅವರಿಗೂ ದೇವರ ದರ್ಶನ ಆಗುವಂತೆ ಕಡೆಯ ದಿನ ಕೆಲಸ ಬದಲಿಸಿಕೊಳ್ಳಿ. ಊರಿಗೆ ಮರಳಿದ ವಾರದೊಳಗೆ ಒಮ್ಮೆ ಕೂಡಿ, ಎಲ್ಲಿ ನೀರು ಸಾಲದಾಯಿತು, ಯಾವ ಊರಿನವರು ಜಾಗ ಕೊಟ್ಟರು, ಯಾವ ತಿರುವು ಅಪಾಯದ್ದು ಎಂದು ವಹಿಯಲ್ಲಿ ಬರೆದಿಡಿ. ಮುಂದಿನ ವರ್ಷ ಹೊಸಬರು ಅದನ್ನೇ ಓದಿ ಹೊರಡಲಿ.

ಯುಗಾದಿಗೆ ಒಂದು ತಿಂಗಳು ಇರುವಾಗಲೇ ನಿಮ್ಮ ಊರಿನ ಗುಡಿಯಲ್ಲಿ ಸಭೆ ಕರೆಯಿರಿ. ನಡೆಯುವವರ ಪಟ್ಟಿಗೆ ಮೊದಲು ಸೇವಕರ ಪಟ್ಟಿ ತುಂಬಿ. ಅದರಲ್ಲಿ ಕಡೆಗೆ ನಡೆಯುವ ಇಬ್ಬರ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ.