ಮನೆಯಲ್ಲಿ ಉಳಿಯಬೇಕಾದ ದಿನಗಳಲ್ಲಿ ಒಕ್ಕಲು ಮನೆಯ ಕಲಿಕೆ

ಸಾಂಕ್ರಾಮಿಕ ರೋಗ ಬಂದಾಗ ಜನಜೀವನ ಅಸ್ತವ್ಯಸ್ತವಾಗುವುದು ನಮ್ಮ ನಾಡಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಆ ರೋಗದ ಕಾಲದಲ್ಲಿ ಹಳ್ಳಿಗರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ಕಳೆಯುತ್ತಿದ್ದರು. 2020ರಲ್ಲಿ ಕೊರೋನಾ ಬಂದಾಗ ಇದಕ್ಕೆ ವಿರುದ್ಧವಾಗಿ ಎಲ್ಲರೂ ಮನೆಯೊಳಗೆ ಉಳಿಯಬೇಕಾಯಿತು. ಆ ವರ್ಷ ಮಾರ್ಚ್ 25ರಿಂದ 21 ದಿನ ದೇಶವೆಲ್ಲ ಮುಚ್ಚಿತು, ಬಳಿಕ ಆ ಅವಧಿ ಮೇ ಕೊನೆಯವರೆಗೂ ಬೆಳೆಯಿತು. 2021ರಲ್ಲಿ ಏಪ್ರಿಲ್ 27ರಿಂದ ಕರ್ನಾಟಕದಲ್ಲಿ ಮತ್ತೆ ನಿರ್ಬಂಧಗಳು ಬಂದವು.

ಈ ಎರಡೂ ಸಲ ನಿರ್ಬಂಧ ಬಂದದ್ದು ಬೇಸಿಗೆಯಲ್ಲಿ. ಬೇಸಾಯದ ಕೆಲಸಗಳಿಗೆ ವಿನಾಯಿತಿ ಇತ್ತು. ಕಂಪ್ಲಿ ಕಡೆಯ ಕಾಲುವೆ ನೀರಾವರಿ ರೈತರಿಗೆ ಆಗ ಭತ್ತದ ಕೊಯ್ಲಿನ ಚಿಂತೆ ಇತ್ತು. ಆದರೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಸುತ್ತಮುತ್ತ ಮಳೆಯನ್ನೇ ನಂಬಿದ ಹೊಲಗಳಲ್ಲಿ ಹಿಂಗಾರಿ ರಾಶಿ ಮುಗಿದು ಮುಂಗಾರಿ ಬರುವ ತನಕ ಕೆಲಸ ಕಡಿಮೆ. ಕಾರ್ಖಾನೆಯ ಕೂಲಿ, ಲಾರಿ ಕೆಲಸ, ಸಂತೆ ವ್ಯಾಪಾರಗಳಿಂದ ಈ ತಿಂಗಳುಗಳನ್ನು ದಾಟಿಸುತ್ತಿದ್ದ ಮನೆಗಳಿಗೆ ಆದಾಯವೂ ನಿಂತಿತು, ಹೊತ್ತೂ ಹೋಗದಾಯಿತು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂಬುದು ನಿಜ. ಆದರೆ ಕೂತ ಹೊತ್ತಿನಲ್ಲಿಯೇ ಕಲಿತುಕೊಂಡರೆ ಮುಂದಿನ ಬೆಳೆಗೆ ಅದು ಬಂಡವಾಳವಾಗುತ್ತದೆ. ಇಂತಹ ದಿನಗಳು ಮತ್ತೆ ಬಂದರೆ, ಅಥವಾ ಪ್ರತಿ ಬೇಸಿಗೆಯ ಬಿಡುವಿನಲ್ಲಿ, ಒಕ್ಕಲು ಮನೆಯವರು ಕಲಿಯಬಹುದಾದ ಐದು ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

1. ಜಮಾ-ಖರ್ಚು ಬರೆಯುವುದು

ಬಹುಪಾಲು ರೈತರು ಬೀಜ, ಗೊಬ್ಬರ, ಔಷಧಿಗಳ ಖರ್ಚನ್ನು ನೆನಪಿನಲ್ಲಿಡುತ್ತಾರೆ. ಮನೆಯವರ ದುಡಿಮೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉದಾಹರಣೆಗೆ, ಒಂದು ಎಕರೆ ಮೆಕ್ಕೆಜೋಳಕ್ಕೆ ಕೈಯಿಂದ 18,000 ರೂಪಾಯಿ ಖರ್ಚಾಗಿ 10 ಕ್ವಿಂಟಾಲ್ ಇಳುವರಿ ಬಂತೆಂದು ಇಟ್ಟುಕೊಳ್ಳೋಣ. ಕ್ವಿಂಟಾಲಿಗೆ 1,800 ರೂಪಾಯಿ ಬಿದ್ದಂತಾಯಿತು. ವ್ಯಾಪಾರಿ 2,100 ರೂಪಾಯಿ ಕೊಟ್ಟರೆ 300 ರೂಪಾಯಿ ಲಾಭವೆಂದು ತೋರುತ್ತದೆ. ಆದರೆ ಗಂಡ ಹೆಂಡತಿ ಸೇರಿ 20 ಆಳಿನ ಕೆಲಸ ಮಾಡಿದ್ದರೆ, ಆಳಿಗೆ 300ರಂತೆ 6,000 ರೂಪಾಯಿ ಸೇರಿ ಖರ್ಚು 24,000 ಆಗುತ್ತದೆ. ಕ್ವಿಂಟಾಲಿಗೆ 2,400 ಬಿತ್ತು. ಲಾಭವೆಂದು ತಿಳಿದ ಜಾಗದಲ್ಲಿ 300 ರೂಪಾಯಿ ನಷ್ಟವಿದೆ. ಎರಡು ಬೆಳೆಗಳಲ್ಲಿ ಯಾವುದು ಮೇಲು ಎಂಬುದು ಈ ಲೆಕ್ಕದಿಂದ ಮಾತ್ರ ತಿಳಿಯುತ್ತದೆ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ದಿನಾಂಕ, ಕೆಲಸ, ಆಳು, ಖರ್ಚು, ಜಮಾ ಎಂದು ಐದು ಮನೆ ಗೆರೆ ಹಾಕಿದರೆ ಸಾಕು.

2. ಬೀಜದ ಮೊಳಕೆ ಪರೀಕ್ಷೆ

ಇದಕ್ಕೆ ಹೊಸ ಸಾಮಾನು ಏನೂ ಬೇಡ. ಮನೆಯಲ್ಲಿಟ್ಟ ಬೀಜದ ಚೀಲದ ಮೇಲು, ನಡು, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಬೇಕು. ಅದರಲ್ಲಿ ಆರಿಸದೆ 100 ಕಾಳು ಎಣಿಸಿ, ಒದ್ದೆ ಮಾಡಿ ಹಿಂಡಿದ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ತಟ್ಟು ಒಣಗದಂತೆ ದಿನವೂ ನೀರು ಚಿಮುಕಿಸಬೇಕು. ಒಂದು ವಾರದ ನಂತರ ಬೇರು, ಚಿಗುರು ಎರಡೂ ನೆಟ್ಟಗೆ ಬಂದ ಸಸಿಗಳನ್ನು ಎಣಿಸಬೇಕು.

ಜೋಳ ಮತ್ತು ತೊಗರಿಯಲ್ಲಿ 75, ಭತ್ತದಲ್ಲಿ 80, ಶೇಂಗಾದಲ್ಲಿ 70 ಕಾಳಾದರೂ ಮೊಳೆಯಬೇಕು. ಜೋಳದಲ್ಲಿ 60 ಮಾತ್ರ ಮೊಳೆತರೆ, ಎಕರೆಗೆ 3 ಕಿಲೋ ಬಿತ್ತುವಲ್ಲಿ 3 ಕಿಲೋ 750 ಗ್ರಾಂ ಬೇಕಾಗುತ್ತದೆ. ಅದಕ್ಕಿಂತಲೂ ತೀರ ಕಡಿಮೆಯಾದರೆ ಆ ಬೀಜವನ್ನು ಕೈಬಿಡುವುದೇ ಲೇಸು. ರೋಹಿಣಿ ಮಳೆಗೆ ಮೊದಲು ಇದು ತಿಳಿದರೆ ಬೇರೆ ಬೀಜ ಹೊಂದಿಸಲು ಹೊತ್ತು ಇರುತ್ತದೆ. ಬಿತ್ತಿದ ಮೇಲೆ ತಿಳಿದರೆ ಹದ ಕೈತಪ್ಪಿರುತ್ತದೆ.

3. ಮಣ್ಣಿನ ಮಾದರಿ ತೆಗೆಯುವುದು

ಹೊಲ ಖಾಲಿಯಿರುವ ಬೇಸಿಗೆಯೇ ಇದಕ್ಕೆ ತಕ್ಕ ಕಾಲ. ಮಸಾರಿ ಮತ್ತು ಎರೆ ಭೂಮಿಗಳ ಮಾದರಿಯನ್ನು ಬೇರೆ ಬೇರೆಯಾಗಿ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆ ಹಾಕಿದ ಜಾಗಗಳನ್ನು ಬಿಡಬೇಕು. ಎಕರೆಗೆ 10ರಿಂದ 15 ಕಡೆ ಮೇಲಿನ ಕಸ ಕಡ್ಡಿ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ಇಳಿಜಾರಾಗಿ ಗುಣಿ ತೋಡಿ, ಗುಣಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಬರೆದ ಚೀಟಿಯನ್ನು ಇಡಬೇಕು. ಸಂಚಾರ ತೆರೆದ ಕೂಡಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಇಲ್ಲವೆ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬಹುದು.

4. ಔಷಧಿ ಡಬ್ಬಿಯ ಗುರುತು ಓದುವುದು

ಕೀಟನಾಶಕದ ಪ್ರತಿ ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತು ಇರುತ್ತದೆ. ಅದರ ಕೆಳಭಾಗ ಕೆಂಪಿದ್ದರೆ ಅತಿ ಘೋರ ವಿಷ, ಹಳದಿಯಿದ್ದರೆ ಘೋರ ವಿಷ, ನೀಲಿಯಿದ್ದರೆ ಮಧ್ಯಮ, ಹಸಿರಿದ್ದರೆ ಕಡಿಮೆ ವಿಷ. ಹಸಿರೆಂದ ಮಾತ್ರಕ್ಕೆ ಕೈಯಲ್ಲಿ ಕಲಸಬಾರದು. ಅಕ್ಷರ ಬಾರದವರೂ ಈ ನಾಲ್ಕು ಬಣ್ಣಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ಡಬ್ಬಿಯ ಮೇಲಿನ ಪ್ರಮಾಣ, ಬಳಕೆಯ ಕೊನೆಯ ದಿನಾಂಕ ಓದಲು ಅಕ್ಷರ ಬೇಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಊರಿನ ಗುಡಿ, ಮರದ ನೆರಳುಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಮನೆಯಲ್ಲಿ ಓದುವ ಮಗ ಅಥವಾ ಮಗಳಿದ್ದರೆ ಅಂತಹ ಪಾಠ ಅಜ್ಜಿ ತಾಯಂದಿರಿಗೂ ಮುಟ್ಟಬಹುದು. ದಿನಕ್ಕೆ ಅರ್ಧ ತಾಸು ಸಾಕು. ಮೊದಲು ಹೆಸರು, ಅಂಕಿಗಳು, ಅನಂತರ ಬಸ್ಸಿನ ಫಲಕ, ಡಬ್ಬಿಯ ಚೀಟಿ, ಪಾಸುಪುಸ್ತಕ ಹೀಗೆ ಬಳಕೆಯ ಬರಹದಿಂದಲೇ ಕಲಿಸಬೇಕು.

5. ಮನೆಯ ಕಾಗದಪತ್ರಗಳನ್ನು ಇಬ್ಬರೂ ತಿಳಿಯುವುದು

ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿಯೇ ಆಮ್ಲಜನಕದ ಸೌಲಭ್ಯವಿರುವ 1,000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಕಟ್ಟಬೇಕಾಯಿತು. ರೋಗದ ಹಾವಳಿ ಎಷ್ಟಿತ್ತೆಂಬುದಕ್ಕೆ ಅದೇ ಸಾಕ್ಷಿ. ಮನೆಯ ಯಜಮಾನ ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ, ಸೊಸೈಟಿಯ ಸಾಲ ಎಷ್ಟು, ಯಾರಿಗೆ ಕೈಗಡ ಕೊಟ್ಟಿದೆ, ಪಹಣಿ ಯಾರ ಹೆಸರಿನಲ್ಲಿದೆ, ವಿಮೆ ಇದೆಯೋ ಇಲ್ಲವೋ ಎಂಬುದು ಹೆಂಡತಿಗೆ ತಿಳಿಯದಿದ್ದರೆ ದುಃಖದ ಮೇಲೆ ಅಲೆದಾಟವೂ ಸೇರುತ್ತದೆ. ಇಲ್ಲದ ಸಾಲವನ್ನು ತೀರಿಸುವ, ಇದ್ದ ವಿಮೆಯನ್ನು ಕಳೆದುಕೊಳ್ಳುವ ಸಂಭವವೂ ಉಂಟು.

ಆದುದರಿಂದ ಗಂಡ ಹೆಂಡತಿ ಒಂದು ದಿನ ಕುಳಿತು ಪಹಣಿ, ಪಾಸುಪುಸ್ತಕ, ಸಾಲದ ರಸೀದಿ, ವಿಮೆಯ ಕಾಗದ, ಒಡವೆ ಅಡವಿಟ್ಟ ಚೀಟಿ ಇವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಪಟ್ಟಿ ಬರೆಯಬೇಕು. ಬ್ಯಾಂಕಿನ ಖಾತೆಗೆ ನಾಮಿನಿ ಇದೆಯೇ ಎಂದು ನೋಡಬೇಕು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ 18ರಿಂದ 50 ವರ್ಷದೊಳಗೆ ಸೇರಿದವರಿಗೆ 2 ಲಕ್ಷ ರೂಪಾಯಿಯದು. ಅದರ ಕಂತು ಪ್ರತಿ ವರ್ಷ ಖಾತೆಯಿಂದ ಕಡಿತವಾಗಿದೆಯೇ ಎಂದು ಪಾಸುಪುಸ್ತಕದಲ್ಲಿ ಪರೀಕ್ಷಿಸಬೇಕು. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಜಮೀನು ಉಳಿದಿದ್ದರೆ ಪೌತಿ ಖಾತೆಗೆ ಬೇಕಾದ ಕಾಗದಗಳನ್ನು ಹೊಂದಿಸಿಕೊಳ್ಳಬೇಕು.

ಸಂಶಯ ಬಂದಾಗ

ಮನೆ ಬಿಟ್ಟು ಹೊರಡಲಾಗದ ದಿನಗಳಲ್ಲಿ ಬೇಸಾಯದ ಪ್ರಶ್ನೆಗಳಿಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಫೋನು ಮಾಡಬಹುದು. ಹಣ ಬೀಳುವುದಿಲ್ಲ, ಉತ್ತರ ಕನ್ನಡದಲ್ಲಿಯೇ ಸಿಗುತ್ತದೆ. ಫೋನು ಮಾಡುವ ಮೊದಲು ಬೆಳೆಯ ಹೆಸರು, ತಳಿ, ಬಿತ್ತಿದ ದಿನ, ರೋಗದ ಚಿಹ್ನೆ ಬರೆದುಕೊಂಡರೆ ಸರಿಯಾದ ಸಲಹೆ ದೊರೆಯುತ್ತದೆ.

ಐದೂ ಕೆಲಸಗಳನ್ನು ಒಮ್ಮೆಗೇ ಹಿಡಿಯುವುದು ಬೇಡ. ವಾರಕ್ಕೆ ಒಂದರಂತೆ ಹಿಡಿದರೂ ಐದು ವಾರಗಳಲ್ಲಿ ಮುಗಿಯುತ್ತದೆ. ರೋಗ ಬಂದವರ ಮನೆಯಲ್ಲಿ ಆರೈಕೆಯೇ ಮೊದಲು, ಕಲಿಕೆ ಆಮೇಲೆ. ಉಳಿದವರು ಇಂದು ಸಂಜೆಯೇ ಕಾಗದಪತ್ರದ ಪೆಟ್ಟಿಗೆ ತೆರೆದು ಕುಳಿತರೆ ಮುಂಗಾರಿಯ ಮೊದಲ ಹದ ಬರುವಷ್ಟರಲ್ಲಿ ಹೊಲವೂ ಮನೆಯೂ ಸಿದ್ಧವಾಗಿರುತ್ತವೆ.