ಅಜ್ಜಿ ತುತ್ತು ಬೇಡ ಎಂದಾಗ

ಪ್ರಶ್ನೆ: ನನಗೆ 26. ನನ್ನನ್ನು ಸಾಕಿದ್ದೇ ಅಜ್ಜಿ. ಅವರ ಗರ್ಭಕೋಶದ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಡಾಕ್ಟರು ‘ಮನೆಗೆ ಕರ್ಕೊಂಡು ಹೋಗಿ’ ಅಂದಿದ್ದಾರೆ. ಎರಡು ಚಮಚ ಗಂಜಿಗೇ ಮುಖ ತಿರುಗಿಸುತ್ತಾರೆ. ನೋಡಲು ಬಂದವರೆಲ್ಲ ‘ಏನೂ ತಿನ್ನಿಸ್ತಾ ಇಲ್ವಾ?’ ಎನ್ನುತ್ತಾರೆ. ಮೊನ್ನೆ ರಾತ್ರಿ ಅವರು ನರಳುವುದನ್ನು ಕೇಳಲಾಗದೆ ‘ಬೇಗ ಮುಗಿದುಹೋಗಲಿ’ ಅನ್ನಿಸಿಬಿಟ್ಟಿತು. ಆಮೇಲಿಂದ ಅವರ ಮುಖ ನೋಡಲಾಗುತ್ತಿಲ್ಲ.
– ಹೆಸರು ಬೇಡ, ಹಾಸನ

ಉತ್ತರ: ಮುಗಿದುಹೋಗಲಿ ಎಂದು ಆ ರಾತ್ರಿ ನೀವು ಬೇಡಿಕೊಂಡದ್ದು ಅಜ್ಜಿಯ ಸಂಕಟ. ಹಗಲೂ ರಾತ್ರಿ ರೋಗಿಯ ಪಕ್ಕ ಕೂತ ಎಷ್ಟೋ ಜನರ ಮನಸ್ಸಿನಲ್ಲಿ ಈ ಮಾತು ಬಂದುಹೋಗುತ್ತದೆ. ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೇ. ಅದರಿಂದ ಅಜ್ಜಿಗೆ ಕೇಡೇನೂ ಆಗಿಲ್ಲ. ಆದರೆ ಅಪರಾಧಿ ಭಾವದಲ್ಲಿ ನೀವು ದೂರ ಕೂತರೆ, ಆ ನಷ್ಟ ಅವರದು.

ಇನ್ನು ಊಟದ ವಿಚಾರ. ನಮ್ಮಲ್ಲಿ ಪ್ರೀತಿ ತೋರಿಸುವುದೇ ಬಡಿಸಿ, ಬಲವಂತ ಮಾಡಿ. ಅದಕ್ಕೇ ಬಂದವರ ಮಾತು ನಿಮ್ಮನ್ನು ಇಷ್ಟು ಚುಚ್ಚುತ್ತಿದೆ. ಕೊನೆಯ ಹಂತದಲ್ಲಿ ಹಸಿವೇ ಇಂಗಿಹೋಗುತ್ತದೆ. ತಿನ್ನದ್ದಕ್ಕೆ ಅಜ್ಜಿ ಸೊರಗುತ್ತಿದ್ದಾರೆ ಅನ್ನಿಸುತ್ತದೆ; ನಿಜದಲ್ಲಿ ರೋಗ ಅವರನ್ನು ಸೊರಗಿಸಿದೆ, ಹಾಗಾಗಿ ತಿನ್ನಲಾಗುತ್ತಿಲ್ಲ. ಒತ್ತಾಯದಿಂದ ಹಾಕಿದ ಗಂಜಿ ವಾಂತಿಯಾಗಬಹುದು, ಶ್ವಾಸಕೋಶಕ್ಕೂ ಇಳಿಯಬಹುದು. ಕೇಳಿದರೆ, ಒರಗಿಸಿ ಕೂರಿಸಿ, ಒಂದೊಂದೇ ಚಮಚ ಕೊಡಿ. ಬೇಡವೆಂದರೆ ಮೆತ್ತನೆಯ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಒಸಡು, ನಾಲಿಗೆ ಒರೆಸಿ; ಒಡೆದ ತುಟಿಗೆ ಚೂರು ತುಪ್ಪ ಸವರಿ. ಈಗ ಇದೇ ಅವರ ಊಟೋಪಚಾರ. ಡಾಕ್ಟರನ್ನೂ ಒಂದು ಮಾತು ಕೇಳಿಕೊಳ್ಳಿ. ಬಂದವರಿಗೆ ಡಾಕ್ಟರ ಹೆಸರು ಹೇಳಿದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. (ರೋಗಿಯ ಮನೆಯಲ್ಲಿ ಏನು ಮಾತಾಡಬೇಕೆಂದು ತೋಚದವರೇ ಊಟದ ಸುದ್ದಿ ಎತ್ತುವುದು. ಕ್ಷಮಿಸಿಬಿಡಿ.)

ನನಗೆ ಹೆಚ್ಚು ಚಿಂತೆಯಾದದ್ದು ಆ ನರಳಾಟ. ಅದನ್ನು ಅಜ್ಜಿಯೂ ಸಹಿಸಬೇಕಿಲ್ಲ, ನೀವೂ. ನೋವು ತಗ್ಗಿಸುವ ಮಾರ್ಫಿನ್ ಎಂದರೆ ಮನೆಯವರು ಹೆದರುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ; ಚಟದ ಭಯವಂತೂ ಈ ಹೊತ್ತಿನಲ್ಲಿ ಬೇಡವೇ ಬೇಡ. ಸಾಮಾನ್ಯವಾಗಿ ಮಾತ್ರೆಯನ್ನು 4 ಗಂಟೆಗೊಮ್ಮೆ, ನೋವು ಏಳುವ ಮೊದಲೇ ಕೊಡುತ್ತಾರೆ. ಜೊತೆಗೆ ಅದರಿಂದಾಗುವ ಮಲಬದ್ಧತೆಗೂ ಔಷಧ ಕೇಳಿ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ‘ಪ್ಯಾಲಿಯೇಟಿವ್ ಕೇರ್’ (ನೋವು, ಸಂಕಟ ತಗ್ಗಿಸುವ ಆರೈಕೆ) ಎಂದು ಹೆಸರು ಹಿಡಿದೇ ವಿಚಾರಿಸಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ನಿಭಾಯಿಸಲಾಗದೆ ಅಂಥ ಕಡೆ ಸೇರಿಸಿದರೆ ಅಜ್ಜಿಯನ್ನು ಕೈಬಿಟ್ಟಂತಲ್ಲ.

ಕೊನೆಗೆ, ನಿಮ್ಮ ನಿದ್ದೆ. ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ‘ಚಿಕ್ಕಪ್ಪಾ, ಶನಿವಾರ ರಾತ್ರಿ ನಿಮ್ಮದು’ ಅನ್ನಿ. ಮನಸ್ಸು ತೀರಾ ಕುಸಿದರೆ, ಎಷ್ಟು ಹೊತ್ತಾಗಿದ್ದರೂ, ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೆ ಬರೆದದ್ದನ್ನು ಅವರಿಗೂ ಹಾಗೆಯೇ ಹೇಳಿ.